ಗೆಟ್ ಅಂದ್ರೆ ಏನು ಅಕ್ಕಾ?

ಇಂಗ್ಲಿಷ್ ಕಲಿಯುತ್ತಿರುವ ಹುಡುಗಿಯೊಬ್ಬಳಿಗೆ ನಾನು ವಾರಕ್ಕೆ ಎರಡು ಸಲ ಫೋನಿನಲ್ಲಿ ಪಾಠ ಹೇಳುತ್ತೇನೆ. ಪಾಠ ಅಂದರೆ ದೊಡ್ಡದೇನಲ್ಲ. ಅವಳು ಓದಿದ್ದನ್ನು, ಕೇಳಿಸಿಕೊಂಡದ್ದನ್ನು ಇಟ್ಟುಕೊಂಡು ಇಬ್ಬರೂ ಮಾತಾಡುತ್ತೇವೆ. ಮೊನ್ನೆ ಅವಳು ಕೇಳಿದಳು, "ಅಕ್ಕಾ, ಈ ಗೆಟ್ ಅಂದ್ರೆ ಏನು? ಒಂದೇ ಒಂದು ಅರ್ಥ ಹೇಳಿ, ಸಾಕು."

"ಪಡೆಯುವುದು" ಅಂದೆ.

"ಹಾಗಾದ್ರೆ ಗೆಟ್ ಆಂಗ್ರಿ ಅಂದ್ರೆ? ಗೆಟ್ ಹೋಮ್ ಅಂದ್ರೆ ಮನೆ ಪಡೆಯೋದಾ?"

ಅವಳ ಪ್ರಶ್ನೆ ನ್ಯಾಯವಾಗಿಯೇ ಇತ್ತು. ಒಂದೇ ಸಾಲಿನಲ್ಲಿ ಉತ್ತರ ಕೊಡುವುದು ನನ್ನಿಂದ ಆಗಲಿಲ್ಲ. ಅವತ್ತಿನಿಂದ ಒಂದು ವಾರ ಈ ಪದದ ಹಿಂದೆಯೇ ಬಿದ್ದಿದ್ದೇನೆ. ಅವಳಿಗೆ ಹೇಳಿದ್ದನ್ನೆಲ್ಲ ಇಲ್ಲಿ ಬರೆದಿಡುತ್ತೇನೆ, ಇದೇ ಪ್ರಶ್ನೆ ಇರುವವರು ಇನ್ನೂ ಬಹಳ ಜನ ಇದ್ದಾರೆ.

ನಾನೂ ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷ್ ಕಲಿಯಬೇಕು ಅಂತ ಹಟ ಹಿಡಿದ ದಿನಗಳಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೆ. ಅದರಲ್ಲಿ ಗೆಟ್‌ಗೆ ಅಂತಲೇ ಎರಡು ಪುಟ. ಪಡೆ, ಸಿಗು, ಆಗು, ತಲುಪು, ತರು, ಕೊಳ್ಳು, ಅರ್ಥವಾಗು, ಏಳು, ಹತ್ತು, ಇಳಿ ಅಂತ ಸಾಲಾಗಿ ಬರೆದು ಬಾಯಿಪಾಠ ಮಾಡಿದ್ದೆ. ಪರೀಕ್ಷೆಗೆ ಅದು ಸಾಕಾಯಿತು. ಆದರೆ ಎದುರಿಗೆ ಯಾರಾದರೂ ನಿಂತು ಮಾತಾಡಿದಾಗ ಆ ಪಟ್ಟಿಯಲ್ಲಿ ಒಂದೂ ನಾಲಿಗೆಗೆ ಬರುತ್ತಿರಲಿಲ್ಲ. ಎಷ್ಟೋ ವರ್ಷ ಆದಮೇಲೆ ಗೊತ್ತಾಯಿತು, ನಾನು ಹೊರಟ ದಿಕ್ಕೇ ತಿರುಗುಮುರುಗಾಗಿತ್ತು. ಇಂಗ್ಲಿಷ್ ಪದ ಮುಂದಿಟ್ಟುಕೊಂಡು ಅದಕ್ಕೆ ಕನ್ನಡ ಪದ ಹುಡುಕುತ್ತಿದ್ದೆ. ಕನ್ನಡದ ವಾಕ್ಯಗಳನ್ನು ಮುಂದಿಟ್ಟುಕೊಂಡು ನೋಡಬೇಕಿತ್ತು.

ಈಗ ಈ ವಾಕ್ಯಗಳನ್ನು ನೋಡಿ. ನನಗೆ ಕೆಲಸ ಸಿಕ್ಕಿತು. ನನಗೆ ಜ್ವರ ಬಂತು. ನನಗೆ ಕೋಪ ಬಂತು. ನನಗೆ ಅರ್ಥ ಆಯಿತು. ನನಗೆ ವಯಸ್ಸಾಗ್ತಿದೆ.

ಎಲ್ಲದರಲ್ಲೂ "ನನಗೆ" ಇದೆ, ಗಮನಿಸಿದ್ರಾ? ನಾನು ಸುಮ್ನೆ ನಿಂತಲ್ಲೇ ನಿಂತಿದ್ದೇನೆ. ಕೆಲಸ, ಜ್ವರ, ಕೋಪ, ವಯಸ್ಸು ಎಲ್ಲವೂ ತಾವಾಗಿಯೇ ನನ್ನ ಹತ್ತಿರ ಬರುತ್ತಿವೆ. ಸಿಗು, ಬರು, ಆಗು ಅನ್ನುವ ಮೂರು ಕ್ರಿಯಾಪದಗಳು ಈ ಕೆಲಸವನ್ನು ಹಂಚಿಕೊಂಡಿವೆ. ಈಗ ಅವೇ ವಾಕ್ಯಗಳನ್ನು ಇಂಗ್ಲಿಷ್‌ನಲ್ಲಿ ಹೇಳಿ ನೋಡಿ. ಐ ಗಾಟ್ ಎ ಜಾಬ್. ಐ ಗಾಟ್ ಎ ಫೀವರ್. ಐ ಗಾಟ್ ಆಂಗ್ರಿ. ಐ ಗಾಟ್ ಇಟ್. ಐ ಆಮ್ ಗೆಟಿಂಗ್ ಓಲ್ಡ್.

ಐದಕ್ಕೂ ಒಂದೇ ಪದ! (ಗಾಟ್ ಅಂದರೆ ಗೆಟ್‌ನ ಭೂತಕಾಲದ ರೂಪ.) "ನನಗೆ" ಅನ್ನುವುದು ಎಲ್ಲ ಕಡೆ "ನಾನು" ಆಗಿಬಿಟ್ಟಿದೆ. ಕನ್ನಡದಲ್ಲಿ ಚತುರ್ಥಿ ವಿಭಕ್ತಿಯಲ್ಲಿ ಕೂತಿದ್ದವಳನ್ನು ಇಂಗ್ಲಿಷ್ ಎಬ್ಬಿಸಿ ವಾಕ್ಯದ ತಲೆಯ ಮೇಲೆ ಕೂರಿಸುತ್ತದೆ. ಜ್ವರ ಬರುವುದಕ್ಕೆ ನಾನು ಏನೂ ಮಾಡಿಲ್ಲ, ಆದರೂ ಅಲ್ಲಿ ನಾನೇ ಕರ್ತೃ. ಇದು ಹೊಳೆದ ದಿನ ನನ್ನ ಎರಡು ಪುಟದ ಪಟ್ಟಿ ಒಂದು ಸಾಲಿಗೆ ಇಳಿಯಿತು. ಗೆಟ್ ಅಂದರೆ ಒಂದು ಬದಲಾವಣೆ. ಇಲ್ಲದ್ದು ಬಂತು, ಆಗದೆ ಇದ್ದದ್ದು ಆಯಿತು, ತಲುಪದೆ ಇದ್ದ ಜಾಗ ತಲುಪಿದೆ. ಟೇಕ್ ಜೊತೆ ಹೋಲಿಸಿ ನೋಡಿ. "ಐ ಟುಕ್ ದ ಬುಕ್" ಅಂದರೆ ಕೈ ಚಾಚಿ ತಗೊಂಡೆ. "ಐ ಗಾಟ್ ದ ಬುಕ್" ಅಂದಾಗ ಕೈ ಚಾಚಿದೆನೋ, ಯಾರಾದರೂ ಕೊಟ್ಟರೋ, ಅಂಚೆಯಲ್ಲಿ ಬಂತೋ, ದುಡ್ಡು ಕೊಟ್ಟು ಕೊಂಡೆನೋ, ಗೆಟ್‌ಗೆ ಅದರ ಚಿಂತೆ ಇಲ್ಲ. ಮೊದಲು ನನ್ನ ಹತ್ತಿರ ಇರಲಿಲ್ಲ, ಈಗ ಇದೆ, ಅಷ್ಟೇ ಅದರ ಮಾತು.

ಇದನ್ನು ಹೇಳಿದ ಕೂಡಲೇ ಹುಡುಗಿಗೆ ಹುರುಪು ಬಂತು. "ಹಾಗಾದ್ರೆ ನನಗೆ ಅಂತ ಬಂದಲ್ಲೆಲ್ಲ ಐ ಗೆಟ್ ಅಂದ್ರೆ ಆಯ್ತಲ್ವಾ?" ಅಂದಳು. ಇಲ್ಲ, ತೊಡಕು ಇರುವುದೇ ಇಲ್ಲಿ. ನಾವು ಕನ್ನಡದವರು ಜಾಸ್ತಿ ಎಡವುವುದೂ ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ನನಗೆ ನಿದ್ದೆ ಬರ್ತಿದೆ ಅನ್ನುವುದನ್ನು ನಮ್ಮಲ್ಲಿ ಬಹಳ ಜನ "ಐ ಆಮ್ ಗೆಟಿಂಗ್ ಸ್ಲೀಪ್" ಅಂತಾರೆ. ಆಗಬೇಕಾದದ್ದು "ಗೆಟಿಂಗ್ ಸ್ಲೀಪಿ". ಕೋಪ ಬಂತು ಅಂದರೆ "ಗಾಟ್ ಆ್ಯಂಗರ್" ಅಲ್ಲ, "ಗಾಟ್ ಆಂಗ್ರಿ". ಹೆದರಿಕೆ ಆಯಿತು ಅಂದರೆ "ಗಾಟ್ ಫಿಯರ್" ಅಲ್ಲ, "ಗಾಟ್ ಸ್ಕೇರ್ಡ್". ಬೇಜಾರಾಯಿತು ಅಂದರೆ "ಗಾಟ್ ಬೋರ್ಡ್". ಕನ್ನಡದಲ್ಲಿ ನಿದ್ದೆ, ಕೋಪ, ಹೆದರಿಕೆ, ಬೇಜಾರು ಎಲ್ಲವೂ ನಾಮಪದಗಳು. ಅವು ಹೊರಗಿನಿಂದ ಬಂದು ನಮ್ಮನ್ನು ಹಿಡಿಯುತ್ತವೆ. ಇಂಗ್ಲಿಷ್‌ಗೆ ಕೋಪ ಬರುವ ವಸ್ತುವಲ್ಲ, ಅದು ನನ್ನ ಸ್ಥಿತಿ. ಅದಕ್ಕೇ ಗೆಟ್ ಮುಂದೆ ಮನಸ್ಸಿನ, ಮೈಯ ಸ್ಥಿತಿ ಹೇಳುವಾಗ ವಿಶೇಷಣ ಬರಬೇಕು. ಕಾಯಿಲೆಗಳ ವಿಷಯಕ್ಕೆ ಮಾತ್ರ ಇಂಗ್ಲಿಷ್ ಕನ್ನಡದ ಹಾಗೇ ಯೋಚಿಸುತ್ತದೆ. "ಐ ಗಾಟ್ ಎ ಕೋಲ್ಡ್" ಅಂದರೆ ನೆಗಡಿ ಬಂತು. ಇಲ್ಲಿ ನೆಗಡಿ ನಾಮಪದವೇ. ಆ "ಎ" ಬಿಟ್ಟು "ಐ ಗಾಟ್ ಕೋಲ್ಡ್" ಅಂದರೆ ಚಳಿಯಾಯಿತು ಅಂತಾಗುತ್ತದೆ. ಒಂದು ಚಿಕ್ಕ "ಎ" ನೆಗಡಿಗೂ ಚಳಿಗೂ ನಡುವೆ ನಿಂತಿದೆ.

ಇನ್ನೊಂದು, "ಐ ಆಮ್ ಗೆಟಿಂಗ್ ಲೇಟ್". ನನಗೆ ಲೇಟಾಗ್ತಿದೆ ಅನ್ನುವುದನ್ನು ನೇರವಾಗಿ ತಿರುಗಿಸಿದ್ದು ಇದು. ಭಾರತದಲ್ಲಿ ಇದು ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಇಂಗ್ಲಿಷ್ ಮನೆಮಾತಾಗಿರುವವರು ಹೊತ್ತಾಗ್ತಿದೆ ಅನ್ನುವುದಕ್ಕೆ "ಇಟ್ಸ್ ಗೆಟಿಂಗ್ ಲೇಟ್" ಅಂತಾರೆ. ತಡವಾಗುವುದು ಹೊತ್ತು, ನಾನಲ್ಲ. ನನ್ನ ಬಗ್ಗೆಯೇ ಹೇಳಬೇಕಾದರೆ "ಐ ಆಮ್ ಲೇಟ್" ಅಥವಾ "ಐ ಆಮ್ ರನಿಂಗ್ ಲೇಟ್".

ಹಾಗೇ "ಐ ಆಮ್ ಗೆಟಿಂಗ್ ಎ ಡೌಟ್". ಇದನ್ನು ತಪ್ಪು ಅಂತ ಹೇಳಿ ಯಾರನ್ನೂ ಕುಗ್ಗಿಸುವುದು ನನಗೆ ಇಷ್ಟವಿಲ್ಲ, ನಮ್ಮ ತರಗತಿಗಳೆಲ್ಲ ಈ ವಾಕ್ಯದ ಮೇಲೆಯೇ ನಡೆದಿವೆ. ಆದರೆ ಬೇರೆ ಕಡೆಯವರ ಕಿವಿಗೆ ಡೌಟ್ ಅಂದರೆ ಪ್ರಶ್ನೆಯಲ್ಲ, ಅಪನಂಬಿಕೆ. ನೀವು ಏನೋ ತಿಳಿದುಕೊಳ್ಳಲು ಕೇಳಿದರೆ, ಅವರಿಗೆ ನೀವು ಅವರ ಮಾತನ್ನೇ ನಂಬುತ್ತಿಲ್ಲ ಅನ್ನಿಸಬಹುದು. "ಐ ಹ್ಯಾವ್ ಎ ಕ್ವೆಶ್ಚನ್" ಅಂದರೆ ಸಾಕು. ಅರ್ಥ ಆಗ್ತಿಲ್ಲ ಅನ್ನುವುದಕ್ಕೆ ನಾನೂ ವರ್ಷಗಟ್ಟಲೆ "ಐ ಆಮ್ ನಾಟ್ ಗೆಟಿಂಗ್" ಅಂತಿದ್ದೆ. ಒಂದು ಸಲ ಕೆಲಸದ ಮಾತುಕತೆಯಲ್ಲಿ ಹಾಗೆ ಅಂದಾಗ ಆ ಕಡೆಯವರು ಇನ್ನೂ ಏನೋ ಹೇಳುತ್ತಾಳೆ ಅಂತ ಕಾಯುತ್ತಾ ಕೂತರು. ಏನು ಸಿಗುತ್ತಿಲ್ಲ ಅಂತ ನಾನು ಹೇಳಿರಲೇ ಇಲ್ಲವಲ್ಲ! ಕನ್ನಡದಲ್ಲಿ ಆ ಜಾಗ ಖಾಲಿ ಬಿಟ್ಟರೂ ನಡೆಯುತ್ತದೆ, ಇಂಗ್ಲಿಷ್‌ನಲ್ಲಿ ಅಲ್ಲೊಂದು "ಇಟ್" ಬೇಕೇ ಬೇಕು. "ಐ ಡೋಂಟ್ ಗೆಟ್ ಇಟ್."

ಅರ್ಥವಾಗುವುದಕ್ಕೂ ಗೆಟ್ ಯಾಕೆ ಬಂತು ಅಂತ ನೋಡಲು ಹೋದರೆ ಪದದ ಹುಟ್ಟಿನ ಕಥೆಗೆ ಹೋಗಬೇಕು. ನನಗೆ ಈ ಭಾಗ ತುಂಬಾ ಇಷ್ಟ.

ಗೆಟ್ ಇಂಗ್ಲೆಂಡಿನಲ್ಲಿ ಹುಟ್ಟಿದ ಪದ ಅಲ್ಲ. 793ರಲ್ಲಿ ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ದ್ವೀಪದ ಮಠದ ಮೇಲೆ ವೈಕಿಂಗರು, ಅಂದರೆ ಸ್ಕ್ಯಾಂಡಿನೇವಿಯಾದ ಕಡಲುಗಳ್ಳರು, ದಾಳಿ ಮಾಡಿದರು. ಆಮೇಲಿನ ನೂರಾರು ವರ್ಷ ಅವರು ಬರುತ್ತಲೇ ಇದ್ದರು. ಬಂದವರಲ್ಲಿ ಬಹಳ ಜನ ಅಲ್ಲೇ ಉಳಿದರು, ಹೊಲ ಮಾಡಿದರು, ಅಲ್ಲಿಯವರನ್ನು ಮದುವೆಯಾದರು. ಅವರ ಭಾಷೆ ನಾರ್ಸ್. ಆ ಭಾಷೆಯ "ಗೆಟಾ" ಅನ್ನುವ ಪದ ಸುಮಾರು 1200ರ ಹೊತ್ತಿಗೆ ಇಂಗ್ಲಿಷ್ ಬರಹದಲ್ಲಿ ಗೆಟ್ ಆಗಿ ಕಾಣಿಸಿಕೊಂಡಿತು. ಟೇಕ್, ಸ್ಕೈ, ವಿಂಡೋ, ನೈಫ್, ಎಗ್ ಎಲ್ಲ ಹೀಗೇ ಬಂದವು. ಅಷ್ಟೇ ಅಲ್ಲ, ದೇ ಮತ್ತು ದೆಮ್ ಕೂಡ ಅವರದ್ದೇ. ಒಂದು ಭಾಷೆ ಇನ್ನೊಂದರಿಂದ ವಸ್ತುಗಳ ಹೆಸರು ತಗೊಳ್ಳುವುದು ಸಾಮಾನ್ಯ. ಅವರು, ಅವರನ್ನು ಅನ್ನುವಂಥ ಪದಗಳನ್ನೂ ತಗೊಂಡಿತು ಅಂದರೆ ಆ ಎರಡು ಜನ ಎಷ್ಟು ಹತ್ತಿರ ಬದುಕಿರಬೇಕು, ಯೋಚಿಸಿ.

ಇದಕ್ಕೆ ಮೊದಲೂ ಇಂಗ್ಲಿಷ್‌ನಲ್ಲಿ ಗೆಟ್‌ನ ದಾಯಾದಿಯೊಂದು ಇತ್ತು, ಆದರೆ ಒಂಟಿಯಾಗಿ ಅಲ್ಲ, ಬೇರೆ ಪದಗಳ ಒಳಗೆ ಸೇರಿಕೊಂಡು. ಫರ್ಗೆಟ್ ಅದರಲ್ಲಿ ಒಂದು. ಮುಂದಿರುವ "ಫರ್" ಅನ್ನುವುದಕ್ಕೆ ದೂರ, ತಪ್ಪಿ ಅನ್ನುವ ಭಾವ. ಹಿಡಿದದ್ದು ತಪ್ಪಿ ಹೋಗುವುದೇ ಮರೆವು! ಹಳೆಯ ಇಂಗ್ಲಿಷ್‌ನಲ್ಲಿ ಈ ಪದದ ನಡುವೆ "ಗ" ಇರಲಿಲ್ಲ, "ಯ" ಸದ್ದು ಇತ್ತು. ವೈಕಿಂಗರ ಗಟ್ಟಿ "ಗ" ಬಂದು ಅದನ್ನು ತಳ್ಳಿತು. ಜೆಂಟಲ್, ಜೆಮ್, ಜನರಲ್ ಅನ್ನುವಾಗ ಅದೇ ಇಂಗ್ಲಿಷ್ ಅಕ್ಷರ g ಗೆ "ಜ" ಅನ್ನುತ್ತೇವೆ, ಗೆಟ್‌ಗೆ ಮಾತ್ರ ಯಾಕೆ "ಗ" ಅಂತ ಶಾಲೆಯಲ್ಲಿ ಕೇಳಿದವರಿಗೆ ಉತ್ತರ ಇಲ್ಲಿದೆ. ಜೆಂಟಲ್ ಫ್ರೆಂಚರ ಕಡೆಯಿಂದ ಬಂತು, ಗೆಟ್ ವೈಕಿಂಗರ ಕಡೆಯಿಂದ.

ಇನ್ನೂ ಹಿಂದಕ್ಕೆ ಹೋದರೆ ಇದರ ಬೇರಿಗೆ ಹಿಡಿಯುವುದು ಅನ್ನುವ ಅರ್ಥ. ಲ್ಯಾಟಿನ್‌ನ ಪ್ರೆಹೆಂಡೆರೆ ಕೂಡ ಅದೇ ಬೇರಿನದು. ಅಲ್ಲಿಂದ ಕಾಂಪ್ರಿಹೆಂಡ್ ಬಂತು, ಗ್ರಹಿಸು ಅಂತ ಅರ್ಥ. ಪ್ರಿಸನ್ ಕೂಡ ಅಲ್ಲಿಂದಲೇ, ಹಿಡಿದು ಇಡುವ ಜಾಗ. ಅಂದರೆ ದೊಡ್ಡವರ ಪುಸ್ತಕದ ಕಾಂಪ್ರಿಹೆಂಡ್ ಮತ್ತು ಬೀದಿ ಮಾತಿನ "ಗಾಟ್ ಇಟ್" ದೂರದ ನೆಂಟರು. ತಿಳಿಯುವುದನ್ನು ಹಿಡಿಯುವುದಕ್ಕೆ ಹೋಲಿಸುವುದು ಕನ್ನಡಕ್ಕೂ ಹೊಸದಲ್ಲ. ವಿಷಯದ ಮೇಲೆ ಹಿಡಿತ ಇದೆ ಅಂತೀವಿ, ಜಾಡು ಸಿಕ್ಕಿತು ಅಂತೀವಿ. ನಾನು ಗ್ರಹಿಸು ಅಂತ ಬರೆದೆನಲ್ಲ, ಅದರೊಳಗೂ ಹಿಡಿಯುವುದೇ ಇದೆ.

ಸರಿ, ಮತ್ತೆ ಬಳಕೆಗೆ ಬರೋಣ. ಆಗು ಅನ್ನುವ ಅರ್ಥದ ಗೆಟ್ ನಿಮಗೆ ದಿನಕ್ಕೆ ನೂರು ಸಲ ಬೇಕಾಗುತ್ತದೆ. "ಐ ಆಮ್ ಟಯರ್ಡ್" ಅಂದರೆ ಸುಸ್ತಾಗಿದೆ. "ಐ ಆಮ್ ಗೆಟಿಂಗ್ ಟಯರ್ಡ್" ಅಂದರೆ ಸುಸ್ತಾಗ್ತಿದೆ. "ಶಿ ಈಸ್ ಮ್ಯಾರೀಡ್" ಅಂದರೆ ಮದುವೆ ಆಗಿದೆ. "ಶಿ ಗಾಟ್ ಮ್ಯಾರೀಡ್" ಅಂದರೆ ಮದುವೆ ಆಯಿತು. ಆಗಿದೆ, ಆಯಿತು, ಆಗ್ತಿದೆ ಇವುಗಳ ವ್ಯತ್ಯಾಸ ಕನ್ನಡದ ಮಗುವಿಗೂ ಗೊತ್ತು. ಆಗಿದೆ ಅಂತ ಇದ್ದಲ್ಲಿ ಬಿ (ಆಮ್, ಈಸ್, ಆರ್), ಆಯಿತು ಮತ್ತು ಆಗ್ತಿದೆ ಅಂತ ಇದ್ದಲ್ಲಿ ಗೆಟ್. ಬಹುಪಾಲು ಇದು ಕೈಕೊಡುವುದಿಲ್ಲ.

ಕರ್ಮಣಿ ಪ್ರಯೋಗ ಅಂತ ಶಾಲೆಯಲ್ಲಿ ಕಲಿತಿರುತ್ತೀರಿ, ಕದಿಯಲ್ಪಟ್ಟಿತು, ಹಿಡಿಯಲ್ಪಟ್ಟನು ಅಂತೆಲ್ಲ. ಮನೆಯಲ್ಲಿ ಯಾರಾದರೂ "ನನ್ನ ಫೋನ್ ಕದಿಯಲ್ಪಟ್ಟಿತು" ಅಂತಾರಾ? ಫೋನ್ ಕಳ್ಳತನ ಆಯ್ತು ಅಂತಾರೆ. ಇಂಗ್ಲಿಷ್‌ನಲ್ಲೂ ಹೀಗೆ ಎರಡು ದಾರಿ ಇವೆ. "ಮೈ ಫೋನ್ ವಾಸ್ ಸ್ಟೋಲನ್" ಬರಹಕ್ಕೂ ಮಾತಿಗೂ ಸಲ್ಲುತ್ತದೆ. "ಮೈ ಫೋನ್ ಗಾಟ್ ಸ್ಟೋಲನ್" ಅನ್ನುವುದು ಮಾತಿನದು, ಅದರಲ್ಲಿ ಅಯ್ಯೋ ಹೀಗಾಯ್ತಲ್ಲ ಅನ್ನುವ ದನಿಯೂ ಸೇರಿರುತ್ತದೆ. ಗಾಟ್ ಹರ್ಟ್, ಗಾಟ್ ಕಾಟ್, ಗಾಟ್ ಫೈರ್ಡ್. ಪೆಟ್ಟಾಯಿತು, ಸಿಕ್ಕಿಬಿದ್ದ, ಕೆಲಸ ಹೋಯಿತು. ಕೆಟ್ಟ ಸುದ್ದಿಗೆ ಈ ಗೆಟ್ ಜಾಸ್ತಿ ಬರುತ್ತದೆ. ಒಳ್ಳೆಯದಕ್ಕೂ ಬರುತ್ತದೆ, "ಗಾಟ್ ಪ್ರಮೋಟೆಡ್" ಅನ್ನುವ ಹಾಗೆ.

ಮಾಡಿಸು, ಹೊಲಿಸು, ಕಟ್ಟಿಸು. ಕ್ರಿಯಾಪದಕ್ಕೆ ಒಂದು "ಇಸು" ಅಂಟಿಸಿದರೆ ಕೆಲಸ ಇನ್ನೊಬ್ಬರ ಕೈಗೆ ಹೋಗುತ್ತದೆ. ಎಂಥ ಸೊಗಸಾದ ಏರ್ಪಾಡು ಇದು! ಇಂಗ್ಲಿಷ್‌ಗೆ ಅಂಥ ಸುಲಭದ ಬಾಲ ಇಲ್ಲ, ಅಲ್ಲಿ ಈ ಕೆಲಸಕ್ಕೂ ಗೆಟ್ ಬರುತ್ತದೆ. ಕೂದಲು ಕಟ್ ಮಾಡಿಸಿಕೊಂಡು ಬಂದೆ ಅನ್ನಲು "ಐ ಗಾಟ್ ಮೈ ಹೇರ್ ಕಟ್". "ಐ ಕಟ್ ಮೈ ಹೇರ್" ಅಂದರೆ ಕತ್ತರಿ ನಿಮ್ಮ ಕೈಯಲ್ಲೇ ಇತ್ತು ಅಂದುಕೊಳ್ಳುತ್ತಾರೆ. ಯಾರ ಕೈಯಲ್ಲಿ ಮಾಡಿಸಿದಿರಿ ಅಂತಲೂ ಹೇಳಬೇಕಾದರೆ ನಡುವೆ "ಟು" ಬರಬೇಕು. "ಐ ಗಾಟ್ ಹಿಮ್ ಟು ಸೈನ್", ಅವನ ಹತ್ತಿರ ಸಹಿ ಹಾಕಿಸಿದೆ. ಇದರಲ್ಲಿ ಸ್ವಲ್ಪ ಒಪ್ಪಿಸಿದ, ಓಡಾಡಿದ ವಾಸನೆ ಇದೆ. "ಐ ಮೇಡ್ ಹಿಮ್ ಸೈನ್" ಅಂದರೆ ಬಲವಂತ, ಅಲ್ಲಿ "ಟು" ಇಲ್ಲ.

ಜಾಗಕ್ಕೆ ಹೋಗುವ ಗೆಟ್ ಬಗ್ಗೆ ಒಂದೇ ಮಾತು. ಸ್ಟೇಷನ್‌ಗೆ ತಲುಪಿದರೆ "ಗಾಟ್ ಟು ದ ಸ್ಟೇಷನ್", ಮನೆಗೆ ತಲುಪಿದರೆ ಬರೀ "ಗಾಟ್ ಹೋಮ್", "ಟು" ಬೇಡ. ಹಿಯರ್, ದೇರ್ ಜೊತೆಗೂ ಬೇಡ. ಇನ್ನು ವಾಹನಗಳು. ಕಾರಿಗೆ "ಗೆಟ್ ಇನ್", ಇಳಿಯಲು "ಗೆಟ್ ಔಟ್". ಬಸ್ಸು, ರೈಲು, ವಿಮಾನಕ್ಕೆ "ಗೆಟ್ ಆನ್", "ಗೆಟ್ ಆಫ್". ಒಳಗೆ ಎದ್ದು ಓಡಾಡುವಷ್ಟು ಜಾಗ ಇದ್ದರೆ ಆನ್ ಅಂತ ನಾನು ನೆನಪಿಟ್ಟುಕೊಂಡಿದ್ದೇನೆ. ಸೈಕಲ್‌ಗೂ ಆನ್ ಅಂತಾರೆ, ಅದು ಮೇಲೆ ಹತ್ತಿ ಕೂರುವುದರಿಂದ.

ಗಾಟ್ ಟು ಅನ್ನುವಲ್ಲಿ ಮಾತ್ರ ಎಚ್ಚರ ಬೇಕು. "ಐ ಗಾಟ್ ಟು ಸೀ ಹರ್" ಅಂದರೆ ಅವಳನ್ನು ನೋಡಲು ಸಿಕ್ಕಿತು. ಕನ್ನಡದ್ದೇ ಜಾಯಮಾನ, ಅಲ್ವಾ? "ಐ ಹ್ಯಾವ್ ಗಾಟ್ ಟು ಸೀ ಹರ್" ಅಂದರೆ ಅವಳನ್ನು ನೋಡಲೇಬೇಕು. ಒಂದರಲ್ಲಿ ಅವಕಾಶ, ಇನ್ನೊಂದರಲ್ಲಿ ಒತ್ತಾಯ. ಬೇಗ ಬೇಗ ಮಾತಾಡುವಾಗ ಆ "ಹ್ಯಾವ್" ಸವೆದು ಸವೆದು ಕಿವಿಗೇ ಬೀಳುವುದಿಲ್ಲ, ಎರಡೂ ಒಂದೇ ಥರ ಕೇಳುತ್ತವೆ. ಆಗ ಹಿಂದೆ ಮುಂದೆ ಏನು ಹೇಳಿದರು ಅನ್ನುವುದೇ ಆಧಾರ. ಮುಗಿದ ಕಥೆ ಹೇಳುತ್ತಿದ್ದರೆ ಸಿಕ್ಕಿತು, ಮುಂದಿನ ಮಾತಾದರೆ ಬೇಕು. ಇದೇ ಬೇಕು ಸವೆದು "ಗಾಟಾ" ಆಗಿದೆ. ಹೋಗಬೇಕು ಅನ್ನುವುದು ನಮ್ಮ ಬಾಯಲ್ಲಿ ಹೋಗ್ಬೇಕು, ಹೋಗ್ಬೇಕ್ ಆಗುವ ಹಾಗೆ.

"ಹ್ಯಾವ್ ಗಾಟ್" ಬರೀ ಇದೆ ಅನ್ನುವ ಅರ್ಥ ಕೊಡುವುದೂ ಹೀಗೇ. ಸಿಕ್ಕಿದೆ ಅಂದರೆ ಈಗ ಹತ್ತಿರ ಇದೆ ಅಂತಲೇ ತಾನೇ? ಆ ದಾರಿಯಲ್ಲಿ ಹೋಗಿ ಹೋಗಿ ಸಿಕ್ಕಿದ್ದರ ನೆನಪೇ ಅಳಿಸಿತು. "ಐ ಹ್ಯಾವ್ ಗಾಟ್ ಟೂ ಬ್ರದರ್ಸ್" ಅಂದರೆ ಇಬ್ಬರು ತಮ್ಮಂದಿರೋ ಅಣ್ಣಂದಿರೋ ಇದ್ದಾರೆ ಅಷ್ಟೇ, ಎಲ್ಲಿಂದಲೋ ಸಿಕ್ಕಿದವರಲ್ಲ. ಅಮೆರಿಕದವರು ಸಿಕ್ಕಿದೆ ಅನ್ನುವುದಕ್ಕೆ ಬೇರೆ ರೂಪ ಉಳಿಸಿಕೊಂಡಿದ್ದಾರೆ, ಗಾಟನ್. ಅವರ ಬಾಯಲ್ಲಿ "ಹ್ಯಾವ್ ಗಾಟ್ ಎ ಕಾರ್" ಅಂದರೆ ಕಾರು ಇದೆ, "ಹ್ಯಾವ್ ಗಾಟನ್ ಎ ಕಾರ್" ಅಂದರೆ ಕಾರು ತಗೊಂಡಿದ್ದಾರೆ. ಗಾಟನ್ ಅಮೆರಿಕದವರು ಕೆಡಿಸಿದ ಇಂಗ್ಲಿಷ್ ಅಂತ ಕೆಲವರು ಹೇಳುವುದನ್ನು ಕೇಳಿದ್ದೇನೆ. ಅದು ನಿಜವಲ್ಲ. ಅದು ಹಳೆಯ ರೂಪವೇ. ಇಂಗ್ಲೆಂಡಿನಿಂದ ಹೊರಟವರು ಜೊತೆಗೆ ಒಯ್ದರು, ಇಂಗ್ಲೆಂಡಿನಲ್ಲಿ ಉಳಿದವರು ಬಹುಪಾಲು ಬಿಟ್ಟರು. ಫರ್ಗಾಟನ್‌ನಲ್ಲಿ ಅದು ಅವರಲ್ಲೂ ಇನ್ನೂ ಉಳಿದಿದೆ.

ಅರ್ಜಿ, ವರದಿ, ಪ್ರಬಂಧ ಬರೆಯುವಾಗ ಗೆಟ್ ಕಡಿಮೆ ಮಾಡಿ ಅಂತ ಶಿಕ್ಷಕರು ಹೇಳುತ್ತಾರೆ. ಅಲ್ಲಿ ರಿಸೀವ್, ಬಿಕಮ್, ಅಬ್‌ಟೇನ್ ಹೆಚ್ಚು ಒಪ್ಪುತ್ತವೆ, ಅದು ಸರಿಯೇ. ಆದರೆ ಅದನ್ನೇ ಮಾತಿಗೂ ತಂದು "ಐ ಬಿಕೇಮ್ ಆಂಗ್ರಿ", "ಐ ಅಬ್‌ಟೇನ್ಡ್ ಎ ಜಾಬ್" ಅಂತ ಗೆಳೆಯರ ಜೊತೆ ಮಾತಾಡಿದರೆ, ಮನೆಯಲ್ಲಿ ಕೂತು ಭಾಷಣ ಮಾಡಿದ ಹಾಗಿರುತ್ತದೆ. ಮಾತಿನಲ್ಲಿ ಗೆಟ್ ಬಳಸಲು ಹಿಂಜರಿಯಬೇಡಿ. ಅದು ಕೀಳು ಪದ ಅಲ್ಲ.

ನಿನ್ನೆ ಹುಡುಗಿ ಮತ್ತೆ ಫೋನ್ ಮಾಡಿದ್ದಳು. ಯಾರೋ ಮಾತು ಮುಗಿಸುವಾಗ "ಐ ಹ್ಯಾವ್ ಗಾಟ್ ಟು ಗೆಟ್ ಗೋಯಿಂಗ್" ಅಂದರಂತೆ. "ಒಂದೇ ವಾಕ್ಯದಲ್ಲಿ ಎರಡೆರಡು ಸಲ ಬಂದಿದೆ ಅಕ್ಕಾ, ಇದನ್ನು ಹೇಗೆ ಬಿಡಿಸೋದು?" ಅಂದಳು.

"ನೀನೇ ಹೇಳು" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮೊದಲನೇದು ಬೇಕು. ಎರಡನೇದು ಆಗೋದು. ಕೂತಲ್ಲಿಂದ ಹೊರಡೋ ಹಾಗೆ ಆಗೋದು. ನಾನಿನ್ನು ಹೊರಡಬೇಕು ಅಂತ."

"ಸರಿಯಾಗಿ ಹೇಳಿದೆ" ಅಂದೆ.

"ಹಾಗಾದ್ರೆ ಗೆಟ್ ಅಪ್‌ನಲ್ಲಿ?"

ಮಲಗಿದ್ದವಳು ಎದ್ದ ಸ್ಥಿತಿಗೆ ಬರುವುದು, ಅದೂ ಆಗುವುದೇ ಅಲ್ವಾ ಅಂತ ನಾನು ಹೇಳುವ ಮೊದಲೇ ಅವಳು ಹೇಳಿಬಿಟ್ಟಳು.